ಮೀನೂಟದ ಪಟ್ಟಿಯಲ್ಲಿ ಕರಾವಳಿಯ ನುಡಿ

ಕರಾವಳಿಯ ಕುಟುಂಬ ಭೋಜನಶಾಲೆಗಳ ಮೀನೂಟವನ್ನು ಕೇವಲ ರುಚಿಯ ವಿಷಯವೆಂದು ಪರಿಗಣಿಸುವುದು ರೂಢಿ. ಆದರೆ ಅಲ್ಲಿನ ತಿನಿಸುಪಟ್ಟಿ ಭಾಷಾಧ್ಯಯನಕ್ಕೂ ಒಂದು ಆಕರವಾಗಿದೆ. ಮಂಗಳೂರಿನ ಪಟ್ಟಿಗಳಲ್ಲಿ ಕಾಣುವ ‘ಪುಳಿಮುಂಚಿ’ ಎಂಬ ತುಳು ಪದವನ್ನೇ ಗಮನಿಸಬಹುದು. ‘ಪುಳಿ’ ಎಂದರೆ ಹುಳಿ, ‘ಮುಂಚಿ’ ಎಂದರೆ ಮೆಣಸು. ಕನ್ನಡದಲ್ಲಿ ಪದಾದಿಯ ಪಕಾರವು ಹಕಾರವಾಗಿ ಪರಿವರ್ತನೆ ಹೊಂದಿದ್ದರೆ, ತುಳು ಅದನ್ನು ಉಳಿಸಿಕೊಂಡಿದೆ. ಪದವು ಪಾಕಕ್ರಮವನ್ನೂ ಸೂಚಿಸುತ್ತದೆ: ಇಲ್ಲಿ ಹುಣಸೆ, ಒಣಮೆಣಸುಗಳೇ ಪ್ರಧಾನ, ತೆಂಗಿನಕಾಯಿ ಅರೆದು ಮಾಡುವ ‘ಗಸಿ’ ಇದರಿಂದ ಭಿನ್ನವಾದುದು.

ಮೀನಿನ ಹೆಸರುಗಳಲ್ಲಿ ಈ ವೈವಿಧ್ಯ ಇನ್ನೂ ಹೆಚ್ಚು. ತುಳುವಿನ ‘ಬೂತಾಯಿ’ ಕುಂದಾಪುರದ ಕನ್ನಡದಲ್ಲಿ ‘ಬೈಗೆ’ ಎನಿಸುತ್ತದೆ. ಕೊಂಕಣಿಗರಿಗೆ ಅದು ‘ತಾರ್ಲೊ’. ಆಂಗ್ಲ ಪಟ್ಟಿಗಳು ಈ ಮೂರನ್ನೂ ‘ಸಾರ್ಡೀನ್’ ಎಂಬ ಒಂದೇ ಪದಕ್ಕೆ ಇಳಿಸುತ್ತವೆ. ಗ್ರಾಹಕನಿಗೆ ಇದು ಅನುಕೂಲವೇ ಸರಿ, ನುಡಿಗಲ್ಲ.

ಋತುಮಾನದ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. ಕರ್ನಾಟಕದ ಕಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮಳೆಗಾಲದ ಈ ಅವಧಿಯಲ್ಲಿ ಮನೆಗಳನ್ನು ಪೊರೆದದ್ದು ಬೇಸಿಗೆಯಲ್ಲಿ ಉಪ್ಪುಹಚ್ಚಿ ಒಣಗಿಸಿಟ್ಟ ಮೀನು, ತುಳುವರ ‘ನುಂಗೆಲ್ ಮೀನ್’. ಅದರ ಚಟ್ನಿಗೆ ಕುಚ್ಚಲಕ್ಕಿಯ ಗಂಜಿಯೇ ಜೊತೆ. ಶೈತ್ಯಾಗಾರವನ್ನು ನೆಚ್ಚಿದ ಭೋಜನಶಾಲೆಯ ಪಟ್ಟಿ ಮಾತ್ರ ವರ್ಷವಿಡೀ ಒಂದೇ.