ಲಕ್ಷ್ಯವೂ ಲಕ್ಷಣವೂ: ಪ್ರೌಢಶಾಲೆಗಳಲ್ಲಿ ಅಲಂಕಾರ-ಛಂದಸ್ಸುಗಳ ಬೋಧನೆ

ಅಲಂಕಾರವನ್ನು ಹೆಸರಿಸಿ ಲಕ್ಷಣವನ್ನು ಬರೆದು ಸಮನ್ವಯಗೊಳಿಸಿರಿ. ಪ್ರಸ್ತಾರ ಹಾಕಿ ಗಣವಿಭಾಗ ಮಾಡಿರಿ: ಈ ಎರಡು ಪ್ರಶ್ನೆಗಳನ್ನು ಎದುರಿಸದೆ ಕನ್ನಡವನ್ನು ಪ್ರಥಮಭಾಷೆಯಾಗಿ ಓದಿದ ವಿದ್ಯಾರ್ಥಿಯು ಪ್ರೌಢಶಾಲೆಯನ್ನು ದಾಟಿ ಬರುವುದಿಲ್ಲ. ಉತ್ತರಕ್ಕೂ ಒಂದು ನಿಯತವಾದ ಎರಕವಿದೆ. ಉಪಮೇಯ ಇದು, ಉಪಮಾನ ಇದು, ಸಮಾನಧರ್ಮ ಇದು, ಉಪಮಾವಾಚಕ ಇದು. ಆದಕಾರಣ ಇದು ಉಪಮಾಲಂಕಾರ. ಎರಕದಲ್ಲಿ ಪದಗಳನ್ನು ಹೊಯ್ದರೆ ಅಂಕಗಳು ಕೈಸೇರುತ್ತವೆ. ಇಂಥ ವಿದ್ಯಾರ್ಥಿಯು ಕಾಲೇಜಿಗೆ ಬಂದಾಗ, ಪದ್ಯದಲ್ಲಿ ಉಪಮೆಯಿದೆಯೆಂದು ಹೇಳಬಲ್ಲನು. ಅದು ಅಲ್ಲಿ ಏಕಿದೆ, ಅದನ್ನು ತೆಗೆದರೆ ಪದ್ಯಕ್ಕೆ ಏನಾಗುತ್ತದೆ ಎಂದು ಕೇಳಿದರೆ ಮೌನವಾಗುತ್ತಾನೆ. ಈ ಮೌನಕ್ಕೆ ಕಾರಣವು ವಿದ್ಯಾರ್ಥಿಯ ಬುದ್ಧಿಯಲ್ಲಿಲ್ಲ, ಪಾಠದ ಕ್ರಮದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಹಾಸನ ತಾಲ್ಲೂಕಿನ ಸಾಲಗಾಮೆ ಹೋಬಳಿಯ ಬಾಲಕನೊಬ್ಬನನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳೋಣ. ಅವನ ಮುಂದೆ ಮೊದಲು ಬರುವ ಉದಾಹರಣೆ ಸೀತೆಯ ಮುಖ ಮತ್ತು ಕಮಲ. ತಲೆಮಾರುಗಳಿಂದ ಆ ಮುಖವು ಪಾಠಗಳಲ್ಲಿ ಅರಳುತ್ತಲೇ ಇದೆ. ಹೋಲಿಕೆಯೇನೋ ಶುದ್ಧವಾದುದೇ, ಆದರೆ ಬಳಕೆಯಿಂದ ಸವೆದುಹೋಗಿರುವ ಕಾರಣ ಅದರಲ್ಲಿ ಕಂಡುಕೊಳ್ಳಬೇಕಾದುದು ಯಾವುದೂ ಬಾಲಕನಿಗೆ ಉಳಿದಿಲ್ಲ. ಇದೇ ಬಾಲಕನ ಮನೆಯಲ್ಲಿ ಯಾರಾದರೂ, ‘ಹದ ತಪ್ಪಿದ ಮುದ್ದೆಯ ಹಾಗೆ ಅವನ ಮಾತೆಲ್ಲ ಗಂಟುಗಂಟು’ ಎಂದರೆ ಅವನು ನಗುತ್ತಾನೆ. ಉಪಮೆಯ ನಾಲ್ಕು ಅಂಗಗಳೂ ಅಲ್ಲಿವೆ: ಮಾತು ಉಪಮೇಯ, ಮುದ್ದೆ ಉಪಮಾನ, ಗಂಟಾಗಿರುವುದು ಸಮಾನಧರ್ಮ, ‘ಹಾಗೆ’ ಎಂಬುದು ವಾಚಕ. ‘ಅವನ ಮಾತೇ ಗಂಟುಮುದ್ದೆ’ ಎಂದು ತಿರುಗಿಸಿದರೆ ಎರಡಕ್ಕೂ ಅಭೇದವುಂಟಾಗಿ ರೂಪಕವಾಯಿತು. ಹೆಸರುಗಳಿಗೆ ಮೊದಲೇ ನಗು ಬಂದಿತ್ತೆಂಬುದನ್ನು ಉಪಾಧ್ಯಾಯರು ಗಮನಿಸಬೇಕು. ಅರ್ಥವಾದುದರಿಂದಲೇ ಆ ನಗು. ಹೆಸರನ್ನು ಆಮೇಲೆ ಕೊಡಬಹುದು.

ವಾಚಕಪದವನ್ನು ಹುಡುಕಿ ಅಲಂಕಾರವನ್ನು ಹೇಳುವ ಅಭ್ಯಾಸದಿಂದಾಗುವ ಕೇಡು ಸಣ್ಣದಲ್ಲ. ‘ಅಂತೆ’ ಕಂಡರೆ ಉಪಮೆ ಎಂಬುದು ತರಗತಿಗಳಲ್ಲಿ ಗುಟ್ಟಾಗಿ ನಡೆದುಬಂದಿರುವ ಸೂತ್ರ. ‘ನಾಳೆ ಮಳೆ ಬರುತ್ತದಂತೆ’ ಎಂಬಲ್ಲಿಯೂ ‘ಅಂತೆ’ ಇದೆ. ಅದು ವದಂತಿಯೇ ಹೊರತು ಉಪಮೆಯಲ್ಲ! ‘ಕೋಡಿ ಬಿದ್ದ ಕೆರೆಯ ಸದ್ದು, ನೀರೇ ಊರನ್ನು ಕೂಗಿ ಕರೆಯುತ್ತಿದೆಯೋ ಎಂಬಂತೆ ಕೇಳಿಸಿತು’ ಎಂಬ ವಾಕ್ಯದಲ್ಲಿಯೂ ‘ಅಂತೆ’ ಉಂಟು. ಆದರೆ ಇಲ್ಲಿ ಎರಡು ವಸ್ತುಗಳ ಹೋಲಿಕೆಯಿಲ್ಲ, ಒಂದನ್ನು ಮತ್ತೊಂದೆಂದು ಸಂಭಾವಿಸಿ ಹೇಳಿದೆ. ಆದ್ದರಿಂದ ಇದು ಉತ್ಪ್ರೇಕ್ಷೆ. ಕಣ್ಣಿನಿಂದ ಪದವನ್ನು ಹುಡುಕುವವನು ಇಲ್ಲಿ ತಪ್ಪುತ್ತಾನೆ. ಮನಸ್ಸಿನಿಂದ ಸದ್ದನ್ನು ಕೇಳುವವನು ತಪ್ಪುವುದಿಲ್ಲ.

ಸಾಲಗಾಮೆಯ ಈ ಬಾಲಕನಿಗೆ ಪಠ್ಯಪುಸ್ತಕಕ್ಕಿಂತ ಹಳೆಯದಾದ ಒಂದು ಪಾಠವು ಅವನ ಜಿಲ್ಲೆಯಲ್ಲಿಯೇ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಚಿಕ್ಕಬೆಟ್ಟವೆನಿಸಿದ ಚಂದ್ರಗಿರಿಯ ಬಂಡೆಯ ಮೇಲೆ, ನಂದಿಸೇನನೆಂಬ ಮುನಿಯು ಸಂನ್ಯಸನದಿಂದ ದೇಹವನ್ನು ತ್ಯಜಿಸಿದುದನ್ನು ಹೇಳುವ ಒಂದು ಪದ್ಯವಿದೆ. ಅದರ ಕಾಲ ಸುಮಾರು ಕ್ರಿ. ಶ. ೭೦೦. ಸಿರಿ, ರೂಪ, ಲೀಲೆ, ಧನ, ವೈಭವ ಇವುಗಳ ರಾಶಿಯು ಯಾರಿಗೂ ನಿಲ್ಲದು. ಮಳೆಬಿಲ್ಲಿನಂತೆ, ಮಿಂಚಿನ ಬಳ್ಳಿಯಂತೆ, ಮಂಜಿನಂತೆ ತೋರಿ ಬೇಗನೆ ಮರೆಯಾಗುತ್ತದೆ ಎಂಬುದು ಅದರ ಪೂರ್ವಾರ್ಧದ ತಾತ್ಪರ್ಯ. ಇದನ್ನರಿತ ಮುನಿಯು ಈ ಧರೆಯಲ್ಲಿ ಇರಲೊಲ್ಲೆನೆಂದು ದೇವಲೋಕಕ್ಕೆ ಸಂದನು ಎಂಬುದು ಉತ್ತರಾರ್ಧ.

ಉಪಮೇಯವೊಂದು, ಉಪಮಾನಗಳು ಮೂರು. ಲಾಕ್ಷಣಿಕರು ಇದನ್ನು ಮಾಲೋಪಮೆಯೆನ್ನುತ್ತಾರೆ. ತೋರಿ ಮರೆಯಾಗುವುದು ಸಮಾನಧರ್ಮ. ಹಳಗನ್ನಡದ ‘ವೋಲ್’ ಎಂಬುದು ವಾಚಕ. ‘ಮಿಂಚಿನ ಬಳ್ಳಿ’ ಎಂಬಲ್ಲಿ ಉಪಮೆಯೊಳಗೇ ಒಂದು ರೂಪಕವು ಅಡಗಿದೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇಲ್ಲಿಂದ ಮುಂದೆ ಇವೆ. ಉಪಮಾನವೊಂದು ಸಾಲದೆ? ಮಳೆಬಿಲ್ಲು ಬಣ್ಣವುಳ್ಳದ್ದು, ಕಣ್ತುಂಬ ನೋಡುವಷ್ಟು ಹೊತ್ತು ನಿಲ್ಲುವಂಥದು. ಮಿಂಚು ಕಣ್ಣು ಕೋರೈಸಿ, ನೋಡಿದೆವೆನ್ನುವಷ್ಟರಲ್ಲಿ ಇಲ್ಲವಾಗುವಂಥದು. ಮಂಜಿಗೆ ಬಣ್ಣವೂ ಇಲ್ಲ, ಬೆರಗೂ ಇಲ್ಲ, ಅದು ಬಿಸಿಲೇರಿದಂತೆ ತಿಳಿಯದ ಹಾಗೆ ಕರಗುತ್ತದೆ. ಐಶ್ವರ್ಯವು ಅಳಿಯುವ ಬಗೆಗಳೂ ಹೀಗೆಯೇ ಬೇರೆಬೇರೆಯಲ್ಲವೆ? ಮೇಲಾಗಿ ಕವಿಯ ನೋಟವು ಆಕಾಶದಿಂದ ಹೊರಟು ನೆಲಕ್ಕೆ ಇಳಿದಿದೆ. ಮಾರ್ಗಶಿರದ ಬೆಳಗಿನಲ್ಲಿ ಮಂಜಿನ ನಡುವೆ ಶಾಲೆಗೆ ನಡೆದುಬರುವ ಮಕ್ಕಳಿಗೆ ಈ ಮೂರನೆಯ ಉಪಮಾನವನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ.

ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಹೆಂಗಸರಿಗೆ ಒಡವೆಗಳು ಹೇಗೋ ಕಾವ್ಯಕ್ಕೆ ಅಲಂಕಾರಗಳು ಹಾಗೆ ಎಂಬ ವಿವರಣೆಯಿಂದ ನಮ್ಮ ಪಾಠಗಳು ಆರಂಭವಾಗುವುದು ವಾಡಿಕೆ. ಇದು ಪೂರ್ವಿಕರ ಮಾತೇ ಆದರೂ, ಒಡವೆಯನ್ನು ತೆಗೆದಿರಿಸಿದರೆ ಮೈಗೆ ಊನವಿಲ್ಲವಾದ್ದರಿಂದ, ಅಲಂಕಾರವಿಲ್ಲದೆಯೂ ಅರ್ಥವು ಹಾಗೆಯೇ ಉಳಿಯುವುದೆಂಬ ಭಾವನೆ ಮಕ್ಕಳಲ್ಲಿ ಬೇರೂರುತ್ತದೆ. ನಂದಿಸೇನನ ಶಾಸನದಲ್ಲಿ ಆ ಮೂರು ಹೋಲಿಕೆಗಳನ್ನು ತೆಗೆದುನೋಡಬೇಕು. ಆಗ ಉಳಿಯುವುದು ಸಂಪತ್ತು ಅಸ್ಥಿರ, ಆದ್ದರಿಂದ ಮುನಿಯು ದೇಹ ಬಿಟ್ಟನು ಎಂಬ ವರದಿ. ಬದುಕನ್ನೇ ಬಿಟ್ಟುಕೊಡುವ ನಿರ್ಧಾರಕ್ಕೆ ಬೇಕಾದ ಪ್ರತೀತಿಯನ್ನು ಕೊಟ್ಟಿರುವುದು ಆ ಉಪಮೆಗಳೇ. ಇಲ್ಲಿ ಅಲಂಕಾರವು ಮೈಮೇಲಿನ ಒಡವೆಯಲ್ಲ, ಮಾತಿನ ಬೆನ್ನೆಲುಬು.

ನಮಗೆ ದೊರೆತಿರುವ ಕನ್ನಡ ಲಕ್ಷಣಗ್ರಂಥಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ವು ಸುಮಾರು ೮೫೦ರದು. ಸಂಸ್ಕೃತದಲ್ಲಿ ಶಾಸ್ತ್ರವು ಮೊದಲೇ ಬೆಳೆದಿತ್ತೆಂಬುದು ನಿಜ, ‘ಮಾರ್ಗ’ವು ದಂಡಿಯ ‘ಕಾವ್ಯಾದರ್ಶ’ಕ್ಕೆ ಋಣಿಯಾಗಿರುವುದೂ ನಿಜ, ಆದರೂ ಕನ್ನಡದ ಮಟ್ಟಿಗೆ ಬಂಡೆಯ ಮೇಲಿನ ಲಕ್ಷ್ಯವು ಕೈಗೆ ಸಿಕ್ಕ ಲಕ್ಷಣಕ್ಕಿಂತ ಸುಮಾರು ಒಂದೂವರೆ ಶತಮಾನ ಹಿಂದಿನದು. ಹೊಯ್ಸಳರ ಕಾಲದ ಒಂದೇ ಮನೆಯಲ್ಲಿಯೂ ಈ ಕ್ರಮವನ್ನು ಕಾಣಬಹುದು. ಸೋಮೇಶ್ವರನ ಆಳ್ವಿಕೆಯಲ್ಲಿ, ಸುಮಾರು ೧೨೪೫ರಲ್ಲಿ, ಮಲ್ಲಿಕಾರ್ಜುನನು ಹಿಂದಿನ ಕವಿಗಳ ಪದ್ಯಗಳನ್ನು ವರ್ಣನೆಗಳಿಗೆ ಅನುಸಾರವಾಗಿ ಆಯ್ದು ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದನು. ಅವನ ಮಗನಾದ ಕೇಶಿರಾಜನು, ಕವಿ ಜನ್ನನ ಸೋದರಳಿಯ, ಸುಮಾರು ೧೨೬೦ರಲ್ಲಿ ‘ಶಬ್ದಮಣಿದರ್ಪಣ’ವೆಂಬ ವ್ಯಾಕರಣವನ್ನು ಬರೆದನು, ಸೂತ್ರ, ವೃತ್ತಿಗಳ ಜೊತೆಗೆ ಪೂರ್ವಕವಿಗಳ ಪ್ರಯೋಗಗಳನ್ನೂ ಇಟ್ಟನು. ತಂದೆ ಪದ್ಯಗಳನ್ನು ಕೂಡಿಟ್ಟನು, ಮಗ ನಿಯಮಗಳನ್ನು ಕಂಡನು. ನಮ್ಮ ಶಾಲೆಗಳಲ್ಲಿ ಮಗನ ಪುಸ್ತಕದಿಂದ ಆರಂಭಿಸಿ, ತಂದೆಯ ಪುಸ್ತಕಕ್ಕೆ ಹೋಗುವ ಮೊದಲೇ ಗಂಟೆ ಬಾರಿಸುತ್ತದೆ.

ಛಂದಸ್ಸಿನ ವಿಷಯದಲ್ಲಿ ಹೇಳಬೇಕಾದುದು ಇದಕ್ಕಿಂತ ಭಿನ್ನವಲ್ಲ. ಕಿವಿಯ ವಿದ್ಯೆಯನ್ನು ನಾವು ಕಣ್ಣಿನ ವಿದ್ಯೆಯಾಗಿ ಮಾಡಿದ್ದೇವೆ. ಭಾಮಿನೀಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು ೧೪ ಮಾತ್ರೆಗಳು, ಮೂರನೆಯ ಮತ್ತು ಆರನೆಯ ಪಾದಗಳಲ್ಲಿ ಅದೇ ಜೋಡಿ ಮೂರು ಬಾರಿ ಬಂದು ಕೊನೆಗೊಂದು ಗುರು ಸೇರಿ ೨೩ ಮಾತ್ರೆಗಳು, ಒಟ್ಟು ೧೦೨. ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆಯುವ ಮುನ್ನ ಕೈತಾಳದೊಡನೆ ಪದ್ಯವನ್ನು ಮೂರುನಾಲ್ಕು ಸಲ ಓದಿಸಬೇಕು. ಮೂರರ ಮೇಲೆ ನಾಲ್ಕು ಬೀಳುವ ಆ ಏರಿಳಿತವು ಕಿವಿಗೆ ಹತ್ತಿದರೆ ಪ್ರಸ್ತಾರದಲ್ಲಿ ತಪ್ಪಾದ ಕೂಡಲೆ ಬಾಲಕನಿಗೆ ತಾನಾಗಿಯೇ ತಿಳಿಯುತ್ತದೆ. ಗಮಕಿಗಳ ವಾಚನವನ್ನು ಕೇಳಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಲಕ್ಷಣಶಾಸ್ತ್ರವೂ ಶುಷ್ಕವಾಗಿರಬೇಕಾದುದಿಲ್ಲ: ‘ಛಂದೋಂಬುಧಿ’ಯಲ್ಲಿ ನಾಗವರ್ಮನು ಗಣಗಳನ್ನೂ ವೃತ್ತಗಳನ್ನೂ ತನ್ನ ಪ್ರಿಯೆಯನ್ನು ಸಂಬೋಧಿಸುತ್ತ ವಿವರಿಸಿದ್ದಾನೆ.

ಚಂದ್ರಗಿರಿಯ ಪದ್ಯಕ್ಕೆ ಪ್ರಸ್ತಾರ ಹಾಕಿದರೆ ಪ್ರತಿಪಾದದಲ್ಲಿಯೂ ಸ, ತ, ತ, ನ, ಸ, ರ, ರ ಗಣಗಳೂ ಮೇಲೊಂದು ಗುರುವೂ ದೊರೆಯುತ್ತವೆ. ಇಪ್ಪತ್ತೆರಡು ಅಕ್ಷರಗಳ ಈ ವೃತ್ತವು ಖ್ಯಾತಕರ್ಣಾಟಕಗಳಲ್ಲಿ ಒಂದಾದ ಮಹಾಸ್ರಗ್ಧರೆ. ನಾಲ್ಕು ಪಾದಗಳಲ್ಲಿಯೂ ಎರಡನೆಯ ಅಕ್ಷರವು ರೇಫವಾಗಿದ್ದು ಆದಿಪ್ರಾಸವು ತಪ್ಪದೆ ಬಂದಿದೆ. ಸಾಲಗಾಮೆಯಿಂದ ಹೊರಟ ಶಾಲಾಪ್ರವಾಸವು ಒಂದೇ ದಿನದಲ್ಲಿ ಹೋಗಿಬರಬಹುದಾದ ಸ್ಥಳವಿದು. ಸಾಮಾನ್ಯವಾಗಿ ಮಕ್ಕಳು ದೊಡ್ಡಬೆಟ್ಟವನ್ನು ಹತ್ತಿ ಗೊಮ್ಮಟನನ್ನು ನೋಡಿ ಹಿಂದಿರುಗುತ್ತಾರೆ. ಅಲ್ಲಿಯೇ ಸುಮಾರು ೧೧೮೦ರ ಬೊಪ್ಪಣ ಪಂಡಿತನ ಶಾಸನವೂ ಇದೆ. ಅತ್ಯುನ್ನತವಾದುದರಲ್ಲಿ ಚೆಲುವಿರದು, ಎರಡೂ ಇದ್ದರೆ ಅತಿಶಯವಿರದು, ಮೂರೂ ಈ ಮೂರ್ತಿಯಲ್ಲಿ ನೆಲಸಿವೆ ಎಂದು ಅವನು ವಾದಿಸುತ್ತಾನೆ. ಇದಕ್ಕೆ ಯಾವ ಅಲಂಕಾರದ ಹೆಸರನ್ನು ಕೊಡಬೇಕೆಂಬುದನ್ನು, ಮೂರ್ತಿಯನ್ನು ಎದುರಿಗೇ ಇಟ್ಟುಕೊಂಡು, ಮಕ್ಕಳು ತಮ್ಮತಮ್ಮಲ್ಲಿ ಚರ್ಚಿಸಲಿ. ಉಪಾಧ್ಯಾಯರು ಆ ಹೊತ್ತು ಉತ್ತರವನ್ನು ಹೇಳದಿದ್ದರೂ ನಡೆಯುತ್ತದೆ.