ಕವಣಿ ಗುರಿ ನಿಲ್ಲಬೇಕೆಂದರೆ ಗುಂಡು ಒಂದೇ ತೂಕ ಇರಲಿ

ಹಿಂಗಾರಿ ಜೋಳ ಹಾಲುಗಾಳಿಗೆ ಬಂತೆಂದರೆ ನಮ್ಮ ಶಿರವಾಳ ಸೀಮೆಯಲ್ಲಿ ಕವಣಿ ಹೊರಬೀಳುತ್ತದೆ. ಬೆಳಿಗ್ಗೆ, ಸಂಜೆ ಗಿಳಿ ಹಿಂಡು ತೆನೆಗೆ ಕೂತರೆ ರೊಟ್ಟಿಗೇ ಕುತ್ತು. ಆದರೆ ಕೈಗೆ ಸಿಕ್ಕ ಕಲ್ಲು ಬೀಸಿದರೆ ಗುರಿ ನಿಲ್ಲೋದಿಲ್ಲ. ಒಂದು ಹಗುರ, ಒಂದು ಭಾರ. ಬೀಸು ಒಂದೇ ಆದರೂ ಬೀಳುವ ಜಾಗ ಬೇರೆ. ಬಂದೂಕಿನ ತೋಟಾ ಕೈಯಿಂದ ತುಂಬುವವರು ಮದ್ದು ತೂಗಿ ಹಾಕೋದೂ ಇದಕ್ಕೇ.

ನಾನು ಎರೆಮಣ್ಣಿನ ಗುಂಡು ಬಳಸುತ್ತೇನೆ. ಬರೀ ಎರೆ ಒಣಗಿದಾಗ ಬಿರಿಯುತ್ತದೆ. ಸಣ್ಣ ಹೊಟ್ಟು ಕಲಸಿ ನಾದಬೇಕು. ಒಂದೇ ಬಟ್ಟಲಲ್ಲಿ ಅಳೆದು, ಸಣ್ಣ ನಿಂಬೆಕಾಯಿ ಗಾತ್ರದ ಉಂಡೆ ಕಟ್ಟಿ ನೆರಳಲ್ಲಿ ಒಣಗಿಸಿ. ಕಲ್ಲಿನಂತೆ ಇದು ಹೊಲದಲ್ಲಿ ಉಳಿದು ಕುಡಗೋಲಿಗೆ, ಕುಂಟೆಗೆ ಅಡ್ಡ ಬರೋದಿಲ್ಲ. ಮಳೆಗೆ ಕರಗಿ ಮಣ್ಣಾಗುತ್ತದೆ.

ಹಗ್ಗ ಉದ್ದವಾದಷ್ಟು ಗುಂಡು ದೂರ ಹೋದೀತು, ಹಿಡಿತ ಕಷ್ಟ. ಹೊಸಬರು ಗಿಡ್ಡ ಕವಣಿಯಿಂದ ಶುರು ಮಾಡಲಿ. ತಲೆ ಮೇಲೆ ಒಂದೇ ಸುತ್ತು ಸಾಕು.

ಖಾಲಿ ಹೊಲದಲ್ಲಿ 40 ಹೆಜ್ಜೆಗೆ ಗೋಣಿಚೀಲ ಇಟ್ಟು 10 ಗುಂಡು ಬೀಸಿ ನೋಡಿ. ಎಲ್ಲಾ ಒಂದೇ ಕಡೆ ಬಿದ್ದು ಚೀಲ ತಪ್ಪಿದರೆ ನಿಲುವು ತಿದ್ದಿಕೊಳ್ಳಿ. ಚೆಲ್ಲಾಪಿಲ್ಲಿ ಬಿದ್ದರೆ, ಗುಂಡಿನ ತೂಕವೋ ಹಗ್ಗ ಬಿಡುವ ಹೊತ್ತೋ ಪ್ರತಿ ಸಲ ಬೇರೆ ಆಗ್ತಿರಬಹುದು.

ಗುಂಡು ಹಿಂಡಿನ ಮೇಲಿಂದ ಹಾಯಬೇಕು. ಹಕ್ಕಿಗೂ ತೆನೆಗೂ ತಾಗಬಾರದು. ಗುರಿ ಬೇಕಾಗಿರೋದು ಅದಕ್ಕೇ. ಗಿಳಿ ಕೊಲ್ಲೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ದಾರಿ, ದನ ಇರುವ ದಿಕ್ಕಿಗೆ ಬೀಸಲೇಬೇಡಿ. ಆಳೆತ್ತರದ ಜೋಳದಲ್ಲಿ ಕೂತ ಮನುಷ್ಯ ಕಾಣೋದಿಲ್ಲ. ಮೊದಲು ಕೂಗಿ, ಆಮೇಲೆ ಬೀಸಿ.