ಪಾವಿನ ಅಳತೆ, ಗ್ರಾಮಿನ ತೂಕ

ಹಳೇ ಮೈಸೂರು ಸೀಮೆಯ ಅನೇಕ ಅಡುಗೆಮನೆಗಳಲ್ಲಿ ಸೇರು, ಅಚ್ಚೇರು, ಪಾವು, ಚಟಾಕುಗಳ ಮಾತು ಇನ್ನೂ ನಿಂತಿಲ್ಲ. ತೂಕ ಮತ್ತು ಅಳತೆಗಳ ಕಾಯ್ದೆ ಬಂದದ್ದು 1956ರಲ್ಲಿ. 1958ರಿಂದ ಹಂತಹಂತವಾಗಿ ಅಂಗಡಿಯ ತಕ್ಕಡಿಗೆ ಕಿಲೋ, ಗ್ರಾಮಿನ ಕಲ್ಲುಗಳು ಬಂದವು. ಅಕ್ಕಿಡಬ್ಬದೊಳಗಿನ ಪಾವು ಮಾತ್ರ ಕದಲಲಿಲ್ಲ.

ಕದಲಬೇಕಾದ ಅಗತ್ಯವೂ ಇರಲಿಲ್ಲ. ಇಡ್ಲಿಗೆ ನಾಲ್ಕು ಪಾವು ಅಕ್ಕಿ, ಒಂದು ಪಾವು ಉದ್ದಿನಬೇಳೆ ಎಂದರೆ ಪಾತ್ರೆ ಯಾವುದಾದರೂ ಸರಿ, ಎರಡಕ್ಕೂ ಅದೇ ಇರಬೇಕು ಅಷ್ಟೆ. ಅಕ್ಕಿಯೂ ಉದ್ದೂ ಒಂದೇ ಅಳತೆಗೆ ಹೆಚ್ಚುಕಮ್ಮಿ ಒಂದೇ ತೂಗುವುದರಿಂದ ಈ ಲೆಕ್ಕವನ್ನು ಕಿಲೋಗೆ ತಿರುಗಿಸಿದರೂ ಹಿಟ್ಟು ಕೆಡುವುದಿಲ್ಲ.

ಮೈಸೂರು ಪಾಕಿಗೆ ಬಂದರೆ ಕಥೆಯೇ ಬೇರೆ. ಒಂದು ಕಪ್ ಕಡಲೆಹಿಟ್ಟಿಗೆ ಎರಡು ಕಪ್ ಸಕ್ಕರೆ ಎಂಬ ಲೆಕ್ಕ ಹಲವು ಮನೆಗಳಲ್ಲಿದೆ. 240 ಮಿಲಿಲೀಟರ್ ಕಪ್ಪಿನಲ್ಲಿ ಜರಡಿ ಹಿಡಿದ ಕಡಲೆಹಿಟ್ಟು ತೂಗುವುದು ಸುಮಾರು 90ರಿಂದ 100 ಗ್ರಾಂ. ಸಕ್ಕರೆಯಾದರೆ 200 ಗ್ರಾಂ. ಅಂದರೆ ಕಪ್ಪಿನಲ್ಲಿ ಒಂದಕ್ಕೆ ಎರಡು ಇದ್ದದ್ದು ತಕ್ಕಡಿಯಲ್ಲಿ ಒಂದಕ್ಕೆ ನಾಲ್ಕಾಗುತ್ತದೆ! ಇದನ್ನರಿಯದೆ ಅರ್ಧ ಕಿಲೋ ಹಿಟ್ಟಿಗೆ ಒಂದೇ ಕಿಲೋ ಸಕ್ಕರೆ ಹಾಕಿದರೆ ಬೇಕಾದದ್ದರಲ್ಲಿ ಅರ್ಧ ಮಾತ್ರ ಬಿದ್ದಂತೆ. ತುಪ್ಪವೂ ನೀರಿಗಿಂತ ಹಗುರ. ಒಂದು ಲೀಟರ್ ಸುಮಾರು 910 ಗ್ರಾಂ. ಅಡುಗೆ ಎಣ್ಣೆಯ ಪೊಟ್ಟಣದ ಮೇಲೆ ಲೀಟರಿನ ಪಕ್ಕದಲ್ಲೇ ಈ 910 ಅಚ್ಚಾಗಿರುವುದನ್ನು ಕಾಣಬಹುದು.

ಹಿಟ್ಟುಗಳದ್ದೇ ದೊಡ್ಡ ತಕರಾರು. ಚಮಚದಿಂದ ಹಗುರವಾಗಿ ಸುರಿದ ಒಂದು ಕಪ್ ಮೈದಾ 120 ಗ್ರಾಂ ಆಸುಪಾಸು ಇರುತ್ತದೆ. ಅದೇ ಕಪ್ಪನ್ನು ಡಬ್ಬಕ್ಕೆ ಅದ್ದಿ ಒತ್ತಿ ತೆಗೆದರೆ 150ರ ಹತ್ತಿರ ಹೋಗುತ್ತದೆ. ಹಿಟ್ಟಿನ ಕಣಗಳ ನಡುವೆ ಸೇರಿದ ಗಾಳಿಯೇ ಈ ವ್ಯತ್ಯಾಸಕ್ಕೆ ಕಾರಣ. ಕೇಕು, ಬಿಸ್ಕತ್ತಿನಲ್ಲಿ ಇಷ್ಟು ಏರುಪೇರು ನಡೆಯದು. ಫ್ಯಾನಿ ಫಾರ್ಮರ್ 1896ರಲ್ಲಿ ಬಾಸ್ಟನ್ನಿನಿಂದ ಹೊರತಂದ ಅಡುಗೆ ಪುಸ್ತಕದಲ್ಲಿ ಕಪ್, ಚಮಚಗಳನ್ನು ಬಾಯಿಮಟ್ಟಕ್ಕೆ ಸವರಿ ಅಳೆಯಬೇಕೆಂದು ಪಟ್ಟು ಹಿಡಿದದ್ದು ಇಂಥ ಏರುಪೇರು ತಪ್ಪಿಸುವುದಕ್ಕಾಗಿಯೇ. ಅಮೆರಿಕದ ಮನೆಗಳು ಈಗಲೂ ಕಪ್ಪಿನ ಲೆಕ್ಕವನ್ನೇ ಹಿಡಿದಿವೆ.

ಆ ಕಪ್ಪಾದರೂ ಎಲ್ಲೆಡೆ ಒಂದೇ ಆಗಿದೆಯೇ? ಅಮೆರಿಕದ್ದು ಸುಮಾರು 237 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250. ರೈಸ್ ಕುಕ್ಕರ್ ಜೊತೆ ಬರುವ ಪುಟ್ಟ ಕಪ್ ಸಾಮಾನ್ಯವಾಗಿ 180, ಅದು ಜಪಾನಿನ ಅಳತೆ. ಸಿಡ್ನಿಯ ಮಗಳು ಬೆಂಗಳೂರಿನ ತಾಯಿಯನ್ನು ಕೇಳಿ ಬರೆದುಕೊಂಡ ‘ಒಂದು ಕಪ್’ ಅಲ್ಲಿ ಬೇರೆಯೇ ಆಗಿಬಿಡಬಹುದು.

ಉಪ್ಪಿನಕಾಯಿಗೆ ಕಲ್ಲುಪ್ಪಿನ ಅಳತೆ ಹೇಳಿದ್ದರೆ ಅಷ್ಟೇ ಪುಡಿಯುಪ್ಪು ಹಾಕುವಂತಿಲ್ಲ. ಪುಡಿಯುಪ್ಪು ಒತ್ತಾಗಿ ಕೂತು ಹೆಚ್ಚು ತೂಗುತ್ತದೆ. ಚಿಟಿಕೆ ಅರಿಸಿನ, ಅರ್ಧ ಚಮಚ ಇಂಗಿಗೆ ಮಾತ್ರ ಚಮಚವೇ ಮೇಲು. ಒಂದೆರಡು ಗ್ರಾಮನ್ನು ಮನೆಯ ತಕ್ಕಡಿ ಸರಿಯಾಗಿ ಹಿಡಿಯುವುದಿಲ್ಲ.

ತಿರುಗಿಸುವ ಕೆಲಸ ಕಷ್ಟದ್ದಲ್ಲ. ಖಾಲಿ ಪಾವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ಬಾಯಿಮಟ್ಟಕ್ಕೆ ನೀರು ತುಂಬಿದರೆ ಎಷ್ಟು ಗ್ರಾಮೋ ಸುಮಾರು ಅಷ್ಟೇ ಮಿಲಿಲೀಟರ್. ಪಾವನ್ನು ಒರೆಸಿ ಒಣಗಿಸಿ ಅಕ್ಕಿ, ರವೆ, ಬೆಲ್ಲದ ಪುಡಿಗಳನ್ನು ಒಂದೊಂದಾಗಿ ತೂಗಬಹುದು. ಅಜ್ಜಿಯ, ಅತ್ತೆಯ ಅಳತೆಪಾತ್ರೆ ಮನೆಯಲ್ಲಿರುವಾಗಲೇ ಅದರ ಗ್ರಾಂ ಲೆಕ್ಕವನ್ನು ಅಡುಗೆ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.